ಆದೋನಿ ಸುಂಕ

ನಮ್ಮ ನಾಗಲದಿನ್ನ್ಯಾಗ ಒಂದು ಸುಂಕ ಇತ್ತು. ಸರ್ಕಾರದ್ದಲ್ಲ. ಆದೋನಿ ಪ್ಯಾಟಿಗೆ ಹೋಗಿ ಬಂದವ ಯಾರೇ ಆಗಲಿ, ಮನಿ ಹೊಸ್ತಿಲು ತುಳಿಯೋಕಿಂತ ಮುಂಚೆ ಬೇವಿನ ಕಟ್ಟಿ ಮ್ಯಾಲ ಕುಂತು, ಅಲ್ಲಿ ಹೊಸದಾಗಿ ತಿಳಕೊಂಡಿದ್ದು ಒಂದು ಸಂಗತಿ ಹೇಳಬೇಕು. ಹೇಳಾಕ ಏನೂ ಇಲ್ಲ ಅಂದ್ರ, ಇಲ್ಲಾ ಹೇಳಿದ್ದು ಸುಳ್ಳು ಅಂತ ಕಟ್ಟಿಗೆ ಅನಿಸಿದ್ರ, ಹೊಳಿಯಿಂದ ನೀರು ಹೊತ್ತು ದನದ ಕಲ್ಲುಬಾನಿ ತುಂಬಬೇಕು. ಬಾನಿ ದೊಡ್ಡದು. ಹೊಳಿ ದಂಡಿ ಏರು.

ಈ ಸುಂಕದಿಂದ ನಮ್ಮೂರಿಗೆ ಬಾಳ ಸಂಗತಿ ಬಂದಾವ. ರೇಷ್ಮಿ ಅಂಬೋದು ಒಂದು ಹುಳದ ಬಾಯಿಂದ ಬರೋ ಎಳಿ ಅಂತ ಪಂಪಣ್ಣ ಬಂದು ಹೇಳಿದ. ಅವನ ಹೆಂಡತಿ ಗಂಗಕ್ಕ ಮದಿವಿ ಸೀರಿ ತಗದು ಮೂಸಿ ನೋಡಿ, ಪೆಟ್ಟಿಗ್ಯಾಗ ಇಟ್ಟಾಕಿ ಮತ್ತ ಉಡಲಿಲ್ಲ. ಕಟ್ಟಿಗೆಲ್ಲ ಹಿರಿಯ ಭೀಮಲಿಂಗಪ್ಪ ಕಾಕಾ, ಪ್ರೆಸ್ಸಿನಾಗ ಒತ್ತಿದ ಹತ್ತಿ ಮೂಟಿಗೆ ಬೆರಳಿಲೆ ಬಡದ್ರ ಬಾಗಿಲು ಬಡದಂಗ ಸಪ್ಪಳ ಬರ್ತೈತಿ ಅಂದ. ಹುಟ್ಟಿದಾಗಿಂದ ಹತ್ತಿ ಬೆಳೆಯೋ ನಾವೇ ಬಾಯಿ ತಕ್ಕೊಂಡು ಕುಂತ್ವಿ. ಕುರಿ ಮಾರಾಕ ಹೋಗಿದ್ದ ಉಚ್ಚೀರಪ್ಪ, ರೈಲಿನಿಂದ ಕಟಗಿ ಹೊಟ್ಟಿನಾಗ ಮುಚ್ಚಿ ಇಳಿಸಿದ ಬರ್ಫದ ಗಡ್ಡಿ ಮುಟ್ಟಿ ಬಂದು, ಅದು ನೀರೇ, ಆದ್ರ ಬೆಂಕಿಯಂಗ ಸುಡ್ತೈತಿ ಅಂದ.

ನಾನು ಸಿದ್ದಬಸಪ್ಪ. ನಾ ತಂದ ಸಂಗತಿ ಇವಕ್ಕೆಲ್ಲ ಮಿಗಿಲು. ಆದೋನ್ಯಾಗ ಒಬ್ಬ ಸಾವಕಾರಗ ನಿದ್ದಿ ಬರಲ್ಲ, ಅದಕ್ಕ ಕೂಲಿ ಕೊಟ್ಟು ಇನ್ನೊಬ್ಬನ್ನ ತನ್ನ ಹಾಸಿಗಿ ಮ್ಯಾಲ ಮಲಗಿಸ್ತಾನ, ಮುಂಜಾನೆ ಎದ್ದು ಆ ಕೂಲಿಯವ ಕನಸು ಒಪ್ಪಿಸಿ ಹೋಗಬೇಕು, ಕನಸು ಚಲೋ ಇಲ್ಲಂದ್ರ ಅರ್ಧ ಕೂಲಿ ಅಂತ ಹೇಳಿದೆ. ಹತ್ತಿ ಬಿಡಿಸೋ ಜಿನ್ನಿನಾಗ ಹುಟ್ಟಿದ ಕಾಗಿ ಬೆಳ್ಳಗಿರ್ತಾವ, ಮಳಿಯಾಗ ನೆನೆದ ಮ್ಯಾಲ ಕಪ್ಪಾಗ್ತಾವ ಅಂತ ಹೇಳಿದೆ. ಹೇಳುವಾಗ ನನ್ನ ಮುಖದಾಗ ಒಂದು ಗೆರಿ ಅಲುಗಾಡಲ್ಲ. ಆದ್ರೂ ಬಾನಿ ತುಂಬಿಸಿದ್ರಾಗ ನಂದ ಮುಂದ. ನಮ್ಮೂರ ದನಕ್ಕ ನನ್ನ ಮ್ಯಾಲ ಬಾಳ ಪ್ರೀತಿ.

ಆಗ ಯುದ್ಧ ನಡದಿತ್ತು, ಸೀಮೆಎಣ್ಣಿ ಸಿಗ್ತಿದ್ದಿಲ್ಲ. ಹೋಳಿ ಹುಣ್ಣಿವಿ ಮುಂದ ನಾನು ಹತ್ತಿ ಹೇರಿಕೊಂಡು ಆದೋನಿಗೆ ಹೋದೆ. ಜಿನ್ನಿನ ಬಾಗಿಲಾಗ ನನ್ನ ಎತ್ತೇ ನನ್ನ ಕಾಲು ತುಳೀತು. ಕುಂಟಿಕೊಂತ ಧರ್ಮಾಸ್ಪತ್ರಿಗೆ ಹೋಗಿ, ಹೆಬ್ಬಟ್ಟಿಗೆ ಬಟ್ಟಿ ಸುತ್ತಿಸಿಕೊಂಡು ಪಡಸಾಲ್ಯಾಗ ಕುಂತೆ. ಒಬ್ಬಾಕಿ ವಯಸ್ಸಾದ ನರ್ಸಮ್ಮ ಕಟಗಿದೊಂದು ಪುಂಗಿಯಂಥಾದ್ದು ಹಿಡಕೊಂಡು ಪರದೆ ಹಿಂದ ಹೋಗ್ತಾಳ, ಬರ್ತಾಳ. ಒಳಗ ಬಸುರಿ ಹೆಂಗಸರು. ಪುಂಗಿ ಸಪ್ಪಳ ಮಾತ್ರ ಇಲ್ಲ.

"ಅಮ್ಮಾ, ನೀ ಎಷ್ಟು ಊದಿದ್ರೂ ಸಪ್ಪಳ ಬರವಲ್ದು, ತೂತು ಕಟ್ಟೈತೇನು ನೋಡು," ಅಂದೆ.

"ಇದಿ ಊದೇದಿ ಕಾದು ನಾಯನಾ, ವಿನೇದಿ," ಅಂದ್ಳು. ಊದೋದಲ್ಲಪ್ಪಾ, ಕೇಳೋದು. ಅಗಲ ಬಾಯಿ ಬಸುರಿ ಹೊಟ್ಟಿ ಮ್ಯಾಲ ಇಟ್ಟು ಸಣ್ಣ ತುದಿಗೆ ಕಿವಿ ಹಚ್ಚಿದ್ರ, ಒಳಗಿನ ಕೂಸಿನ ಗುಂಡಿಗಿ ಬಡಿಯೋದು ಕೇಳ್ತೈತಂತ.

ನಾನು ಆಕಿ ಮುಖ ನೋಡಿದೆ. ಅಲ್ಲೂ ಒಂದು ಗೆರಿ ಅಲುಗಾಡಿದ್ದಿಲ್ಲ. ಇಕಿ ನಮ್ಮ ಕಸಬಿನಾಕಿ ಅಂತ ತಿಳಕೊಂಡೆ.

ನಾ ನಂಬಲಿಲ್ಲ ಅಂಬೋದು ಆಕಿಗೆ ತಿಳೀತು. ಬಾಗಿಲು ಕಾಯೋ ಜವಾನನ್ನ ಕರದು, ಅವನ ಎದಿಗೆ ಪುಂಗಿ ಇಟ್ಟು, ನನ್ನ ಕಿವಿ ಹಿಡದು ಎಳದು ಹಚ್ಚಿದ್ಳು. ಆಳದ ಬಾವಿಯೊಳಗ ಯಾರೋ ಕುಂತು ಬಟ್ಟಿ ಒಗೆದಂಗ ಕೇಳಿಸ್ತು. ಜವಾನ ಬೀಡಿ ಕಿವಿಗೆ ಸಿಗಿಸಿಕೊಂಡು ಬೀದಿ ನೋಡ್ತಾ ನಿಂತಿದ್ದ. ತನ್ನೊಳಗ ಇಷ್ಟು ಕೆಲಸ ನಡದೈತಿ ಅಂಬೋದು ಅವನಿಗೆ ಗೊತ್ತಿದ್ದಂಗ ಕಾಣಲಿಲ್ಲ.

"ದೊಡ್ಡವರದ್ದು ಹಿಂಗ ನಡೀತೈತಿ. ಹೊಟ್ಟ್ಯಾಗಿನ ಕೂಸಿಂದು ಓಡ್ತೈತಿ," ಅಂದ್ಳು ನರ್ಸಮ್ಮ. "ತಾಯಿ ಮುಂಗೈ ನಾಡಿ ಹಿಡಕೊಂಡು ಕೇಳಬೇಕು. ನಾಡಿ ಜೊತಿಗೆ ಕೂಡಿ ಬಡದ್ರ ಅದು ತಾಯಿದು. ನಾಡಿನ್ನ ಹಿಂದ ಹಾಕಿ ಓಡಿದ್ರ ಕೂಸಿಂದು."

ಕಟ್ಟಿಗೆ ಅಂತ ನಾನು ಒಂದು ಚಂದನ್ನ ಸುಳ್ಳು ತಯಾರು ಮಾಡಿ ಇಟ್ಟುಕೊಂಡಿದ್ದೆ. ಎಮ್ಮಿಗನೂರಿನ ನೇಕಾರನೊಬ್ಬ ತನ್ನ ನೆರಳಿಗೆ ಅಳತಿ ತಗದು ಅಂಗಿ ಹೊಲಿಸ್ಯಾನ ಅಂತ. ಆದ್ರ ಗಾಡ್ಯಾಗ ಬರುವಾಗ ದಾರಿ ಉದ್ದಕ್ಕೂ ಆ ಓಡೋ ಗುಂಡಿಗಿ ತಲಿಯಿಂದ ಇಳೀಲಿಲ್ಲ. ನನ್ನ ಹೆಂಡತಿ ಲಿಂಗಕ್ಕ ಮಕ್ಕಳನ್ನ ಹೊತ್ತಾಗ ನಾನು ಪಕ್ಕದಾಗ ಕುಂತು ರೊಟ್ಟಿ ತಿಂದೀನಿ, ಮಳಿ ಬಂದೀತೇನು ಅಂತ ಮಾತಾಡೀನಿ, ಗೊರಕಿ ಹೊಡದೀನಿ. ಒಂದು ಗೇಣು ದೂರದಾಗ ಅದು ಹಗಲೂ ರಾತ್ರಿ ಓಡ್ತಿತ್ತು. ಯಾರೂ ಹೇಳಿರಲಿಲ್ಲ.

ಊರಿಗೆ ಬಂದು ಕಟ್ಟಿ ಮ್ಯಾಲ ಕುಂತು ಅದನ್ನ ಹೇಳಿದೆ.

"ಹೊಟ್ಟ್ಯಾಗ ಓಡ್ತೈತಂತ. ಯಾವೂರಿಗಂತ?" ಅಂದ ಭೀಮಲಿಂಗಪ್ಪ ಕಾಕಾ.

"ಕೂಸಲ್ಲ ಕಾಕಾ, ಅದರ ಗುಂಡಿಗಿ."

"ಸಿದ್ದಬಸಪ್ಪ, ಬಿಳಿ ಕಾಗಿದು ಇದಕ್ಕಿಂತ ಬೇಸಿತ್ತು ಬಿಡು," ಅಂದ ಪಂಪಣ್ಣ.

"ಇದು ಖರೇ ಐತಪ್ಪಾ."

"ನೋಡ್ರಿ, ಖರೇ ಅಂತಾನ," ಅಂದ ಕಾಕಾ. "ಇನ್ನ ಅನುಮಾನ ಇಲ್ಲ. ಬಿಂದಿಗಿ ಹಿಡಿ."

ಕುಂಟುಗಾಲಾಗ ಹೊಳಿಗೆ ಇಳಿದು ಬಿಂದಿಗಿ ತುಂಬಿ ತಂದು ಬಾನಿಗೆ ಸುರಿಯುವಾಗ ಹುಸೇನಮ್ಮತ್ತಿ ಬಂದು ಎದುರಿಗೆ ನಿಂತ್ಳು. ನಮ್ಮ ಪಕ್ಕದ ಮನಿಯಾಕಿ. ಆಕಿ ಮಗ ಹೊನ್ನೂರಪ್ಪ. ಸೊಸಿ ಪಕೀರಮ್ಮಗ ಎಂಟು ತಿಂಗಳು ತುಂಬಿ ಒಂಬತ್ತು.

"ಲೇ ಸಿದ್ದಬಸಪ್ಪ, ಕಟ್ಟಿ ಮ್ಯಾಲ ನೀ ಹೇಳಿದ್ದು ನನ್ನ ಕಿವಿಗೆ ಬಿತ್ತು. ಖರೇ ಏನು?"

"ಖರೇ ಅತ್ತಿ."

"ನಿನ್ನೆ ಮಧ್ಯಾನದಿಂದ ಪಕೀರಿ ಹೊಟ್ಟ್ಯಾಗ ಕೂಸು ಮಿಸುಕಿಲ್ಲ. ಹಿಂದಿನ ಎರಡೂ ಹಿಂಗ ಸುಮ್ಮನಾಗಿ, ಆಮ್ಯಾಲ ಸತ್ತು ಹುಟ್ಟಿದ್ವು. ನಿನಗ ಗೊತ್ತೈತಿ. ಗ್ವಾಡಿ ಕಡೆ ಮುಖ ಮಾಡಿ ಮಲಗಿದಾಕಿ ನೀರೂ ಕುಡಿಯವಲ್ಲಳು. ನಿನ್ನ ಸುಳ್ಳು ಇನ್ನೊಂದಿನಕ್ಕ ಇಟ್ಟುಕೋ. ನಿಜ ಇದ್ರ ಅಷ್ಟು ಹೇಳು."

ಇಷ್ಟು ವರ್ಷ ಜನ ನಂಬಲಿ ಅಂತ ಒದ್ದಾಡಿದವ ನಾನು. ಒಬ್ಬಾಕಿ ನಂಬಿದ ಕೂಡ್ಲೇ ಬಿಂದಿಗಿ ನೀರು ಬಾನಿ ಬಿಟ್ಟು ನೆಲಕ್ಕ ಸುರದೆ. ಕಿವಿ ಹಚ್ಚಿದಾಗ ಒಳಗ ಏನೂ ಕೇಳಿಸದಿದ್ರ? ಸುಳ್ಳಿಗೆ ಇಂಥಾ ಭಾರ ಇರಲ್ಲ. ಆದೋನಿಗೆ ಒಯ್ಯೋಣು ಅಂದ್ರ ಒಂದು ಹಗಲು ಒಂದು ರಾತ್ರಿ ಗಾಡಿ ದಾರಿ, ಆ ಬಸುರಿನ್ನ ಕುಲುಕಿಸೋಹಂಗಿಲ್ಲ.

"ನಿಜ ಅತ್ತಿ," ಅಂದು ಬಿಂದಿಗಿ ಅಲ್ಲೇ ಇಟ್ಟೆ.

ಪುಂಗಿ ಎಲ್ಲಿಂದ ತರೋದು? ಕೂರಿಗಿ ಹಿಂದ ನಡಕೊಂತ ಹೆಂಗಸರು ತೊಗರಿ ಬಿಡೋ ಕೊಳವಿ ಇರ್ತೈತಲ್ಲ, ಮ್ಯಾಲ ಕಟಗಿ ಬಟ್ಟಲು, ಕೆಳಗ ಬಿದಿರು, ಅದನ್ನ ಅಟ್ಟದಿಂದ ಇಳಿಸಿ, ಒಂದು ಗೇಣು ಬಿಟ್ಟು ಗರಗಸ ಹಾಕಿದೆ.

"ಮುಂಗಾರಿಗೆ ತೊಗರಿ ಯಾವುದ್ರಾಗ ಬಿಡ್ಲಿ? ನಿನ್ನ ಬಾಯಿ ಹಿಡೀಲೇನು?" ಅಂದ್ಳು ಲಿಂಗಕ್ಕ. ಯಾರಿಗೆ ಅಂತ ಹೇಳಿದೆ. ಕೊಳವಿ ಕಸಗೊಂಡು, ಒಳಗಿನ ಜ್ಯಾಡರ ಬಲಿ ಸೆರಗಿಲೆ ಒರಸಿ ಕೊಟ್ಟಳು.

ಊರಾಗ ಅರ್ಧ ಜನರನ್ನ ತನ್ನ ಕೈಲೆ ಹೊರಗ ತಗದ ಸೂಲಗಿತ್ತಿ ಕೊಂಡಮ್ಮ, ಆ ಕೊಳವಿನ್ನ ತಿರುವಿ ತಿರುವಿ ನೋಡಿದ್ಳು. ಆಕಿ ತೆಲುಗಿನಾಕಿ. "ಏಮಿ ಸಿದ್ದಬಸಪ್ಪಾ, ಬಿತ್ತೋ ಕೊಳವಿ ಇಟ್ಟು ಹೊಟ್ಟಿ ಕೇಳಬೇಕಾ? ಇದಿ ನಿಜಮೇನಾ?" ಅಂದ್ಳು. ನಾನು ತಲಿ ಆಡಿಸಿದೆ. ಹೆಂಗ ಹಿಡೀಬೇಕು, ನಾಡಿ ಯಾಕ ಹಿಡೀಬೇಕು ಎಲ್ಲಾ ಹೇಳಿದೆ. ಒಳಗ ಹೋದ್ಳು. ಹೊನ್ನೂರಪ್ಪ ಬಾಗಿಲ ಮುಂದ ಗಾಡಿ ಮೂಕಿ ಮ್ಯಾಲ ಕುಂತಿದ್ದ.

ಕೊಂಡಮ್ಮ ಹೊರಗ ಬಂದು, "ಗಂಗಕ್ಕ ಬೀಸೋದು ಕೇಳ್ತೈತಿ, ನಾಯಿ ಕೇಳ್ತೈತಿ, ನಿಮ್ಮೂರೆಲ್ಲಾ ಕೇಳ್ತೈತಿ. ಹೊಟ್ಟಿ ಕೇಳವಲ್ದು," ಅಂದ್ಳು.

ನಾನು ಕಟ್ಟಿಗೆ ಓಡಿದೆ. "ಕಾಕಾ, ಊರು ಸುಮ್ಮನಾಗಬೇಕು."

"ಈಗ ಇದ್ಯಾವ ಆಟಲೇ?" ಅಂದವ, ನನ್ನ ಹಿಂದ ಹೊನ್ನೂರಪ್ಪನ ಮನಿ ಮುಂದ ಕೂಡಿದ ಹೆಂಗಸರನ್ನ ನೋಡಿದ. ಮತ್ತ ಕೇಳಲಿಲ್ಲ. ಕೋಲು ಹಿಡಕೊಂಡು ಇಳಿದು ಒಂದೊಂದ ಬಾಗಿಲಿಗೆ ಹೋಗಿ ಬಾಯಿ ಮ್ಯಾಲ ಬೆರಳಿಟ್ಟು ಬಂದ. ಬೀಸೋಕಲ್ಲು ನಿಂತ್ವು. ಎತ್ತಿನ ಕೊರಳ ಗಂಟಿ ಬಿಚ್ಚಿದ್ರು. ಪಂಪಣ್ಣ ನಾಯಿ ಬಾಯಿಗೆ ರೊಟ್ಟಿ ಇಟ್ಟು ಪಕ್ಕದಾಗ ಕುಂತ. ಹೊತ್ತು ಮುಳುಗೋ ಟೈಮ್, ಉಚ್ಚೀರಪ್ಪನ ಕುರಿ ಹಿಂಡು ಊರಿಗೆ ಬರ್ತಿತ್ತು. ಕಾಕಾ ದೂರದಿಂದ ಕೋಲು ಅಡ್ಡ ಎತ್ತಿ ತೋರಿಸಿದ. ಏನು, ಯಾಕ ಅಂತ ಗೊತ್ತಿಲ್ಲದ ಉಚ್ಚೀರಪ್ಪ ಹಿಂಡನ್ನ ಅಲ್ಲೇ ಹೊಳಿ ದಂಡಿಗೆ ತಡದು ನಿಲ್ಲಿಸಿದ. ಅದರ ಧೂಳು ಮಾತ್ರ ಒಂದ ಹೆಜ್ಜಿ ಮುಂದ ಬಂದು ನಿಂತಿತು.

ಆಗ ನಮಗ ತುಂಗಭದ್ರಿ ಕೇಳಿಸಿದ್ಳು. ಬ್ಯಾಸಿಗಿ ಹೊಳಿ, ಕಲ್ಲಿನ ಸಂದ್ಯಾಗ ಎಳಿಯಂಗ ಹರಿಯೋ ನೀರು. ಅಲ್ಲೇ ಹುಟ್ಟಿ ಅಲ್ಲೇ ಬೆಳದವರು ನಾವು, ಬೀದ್ಯಾಗ ನಿಂತು ಅದರ ಸಪ್ಪಳ ಕೇಳಿದ್ದು ಅವತ್ತ.

ಒಳಗಿಂದ ಕೊಂಡಮ್ಮ ಬಾಗಿಲಿಗೆ ಬಂದ್ಳು. "ಕೇಳ್ತೈತಿ," ಅಂದ್ಳು. ಹೊನ್ನೂರಪ್ಪ ಎದ್ದು ನಿಂತ.

"ನಾಡಿ ಹಿಡಿದಿದ್ದೇನಮ್ಮಾ?" ಅಂದೆ.

"ಹಿಡಿದಿದ್ದೆ." ಆಮ್ಯಾಲ ಆಕಿ ಮುಖ ಇಳೀತು. "ಎರಡೂ ಕೂಡೇ ಬಡೀತಾವ."

ಹೊನ್ನೂರಪ್ಪಗ ಯಾರೂ ಬಿಡಿಸಿ ಹೇಳಲಿಲ್ಲ. ಅವನೇ ತಿಳಕೊಂಡು ಮತ್ತ ಕುಂತ.

"ಅದು ಪಕೀರಮ್ಮಂದು," ಅಂದೆ ನಾನು. "ಬಟ್ಟಲು ಸರಿಸಿ ಸರಿಸಿ ಹುಡುಕಬೇಕು, ಕೊಂಡಮ್ಮ. ಮೊದಲ ಸಲಕ್ಕ ತನಗೂ ಸಿಗಲ್ಲ ಅಂತ ನರ್ಸಮ್ಮ ಹೇಳ್ಯಾಳ. ಕೂಸು ಬೆನ್ನು ಎತ್ತ ಮಾಡಿರ್ತೈತೋ ಅತ್ತ ಕೇಳ್ತೈತಂತ."

ನರ್ಸಮ್ಮ ಹಂಗೇನೂ ಹೇಳಿದ್ದಿಲ್ಲ. ಆ ಮಾತು ಹೇಳುವಾಗ ನನ್ನ ಮುಖ ಹೆಂಗಿತ್ತೋ ನನಗ ಗೊತ್ತಿಲ್ಲ.

"ಬೆನ್ನು ಎಡಕ್ಕೈತಿ, ನನ್ನ ಕೈಗೆ ಗೊತ್ತು," ಅಂತ ಕೊಂಡಮ್ಮ ತಿರುಗಿದ್ಳು. ಈ ಸಲ ಹುಸೇನಮ್ಮತ್ತಿ ಕೊಳವಿ ತಾನ ಇಸಗೊಂಡು ಹೋದ್ಳು. ಒಳಗ ಏನಾತೋ ನಾವು ಕಾಣಲಿಲ್ಲ. ಹೊರಗ ಒಬ್ಬರೂ ಕೆಮ್ಮಲಿಲ್ಲ. ದೂರದಾಗ ಒಂದು ಕುರಿ ಅರಚಿತು, ಉಚ್ಚೀರಪ್ಪ ಅದರ ಬಾಯಿ ಹಿಡದ.

ಹುಸೇನಮ್ಮತ್ತಿ ಹೊರಗ ಬಂದ್ಳು. ಬಾಗಿಲ ಚೌಕಟ್ಟಿಗೆ ಒಂದು ಬೆರಳು ಇಟ್ಟು ಬಡಿಯಾಕ ಹತ್ತಿದ್ಳು. ಟಕಟಕ ಟಕಟಕ ಟಕಟಕ. ಸಣ್ಣ ಕುದುರಿ ಒಂದು ಗಟ್ಟಿ ನೆಲದ ಮ್ಯಾಲ ಓಡಿದಂಗ. ಬಡಿಯೋದು ನಿಲ್ಲಿಸಲಿಲ್ಲ, ಹಂಗ ಬಡೀತಾ ಇನ್ನೊಂದು ಕೈಲೆ ಮಗನ್ನ ಕರದ್ಳು.

"ಗಂಡಸರು ಒಳಗ ಬರಬಾರದು," ಅಂದ್ಳು ಕೊಂಡಮ್ಮ. ಆದ್ರ ಬಾಗಿಲು ಬಿಟ್ಟು ಸರದ್ಳು.

ಹೊನ್ನೂರಪ್ಪ ಹೋಗಿ ಬಾಳ ಹೊತ್ತಾದ ಮ್ಯಾಲ ಬಂದ. ಕಿವಿ ಮ್ಯಾಲ ಬಿದಿರಿನ ದುಂಡನೆ ಗುರುತು ಬಿದ್ದಿತ್ತು. "ಪಕೀರಿ ನೀರು ಕೇಳಿದ್ಳು," ಅಂದ. "ಓಡ್ತೈತಿ ಸಿದ್ದಬಸಪ್ಪ ಮಾವ. ಯಾರೂ ಹೊಡೀದ ತಾನ ಓಡ್ತೈತಿ," ಅಂತ ಗಾಡಿ ನೊಗಕ್ಕ ಬೆರಳಿಲೆ ಬಡದು ತೋರಿಸಿದ. ಎಲ್ಲಾರೂ ಸುತ್ತ ನಿಂತು ನೊಗ ಕೇಳಿದ್ವಿ. ಭೀಮಲಿಂಗಪ್ಪ ಕಾಕಾ ಅಂಗಿಯೊಳಗ ಕೈ ಹಾಕಿ ತನ್ನ ಎದಿ ಹಿಡಕೊಂಡ. ಅವನ್ನ ನೋಡಿ ಪಂಪಣ್ಣನೂ ಹಿಡಕೊಂಡ. ಆಮ್ಯಾಲ ನಾವೆಲ್ಲಾ ಹಿಡಕೊಂಡ್ವಿ.

"ನಮ್ಮವು ಬಾಳ ನಿಧಾನ ಆಗ್ಯಾವಲ್ಲೋ," ಅಂದ ಕಾಕಾ.

ಉಚ್ಚೀರಪ್ಪಗ ಬಾ ಅಂತ ಹೇಳೋದು ಯಾರಿಗೂ ನೆನಪಾಗಲಿಲ್ಲ. ಕಡೀಕ ತಾನ ಬಂದು, ಸಂಗತಿ ಕೇಳಿ, ಕೊಳವಿ ಒಂದು ಗಳಿಗಿ ಕೊಡ್ತೀರೇನು, ಗಬ್ಬದ ಕುರಿ ಒಂದೈತಿ ಅಂದ. ಹುಸೇನಮ್ಮತ್ತಿ ಅವನ್ನ ನೋಡಿದ ನೋಟಕ್ಕ ತನ್ನ ಕುರಿ ಹೊಡಕೊಂಡು ಹೋದ.

ಅವತ್ತಿಂದ ದಿನಾ ಹೊತ್ತು ಮುಳುಗುವಾಗ ನಮ್ಮೂರು ಸುಮ್ಮನಾಗೋದು ರೂಢಿ ಆತು. ಯಾರೂ ಹೇಳ್ತಿದ್ದಿಲ್ಲ. ಬೀಸೋಕಲ್ಲು ತಾವ ನಿಲ್ತಿದ್ವು, ಹಿಂಡು ಹೊಳಿ ದಂಡಿಗೆ ತಾನ ನಿಲ್ತಿತ್ತು. ಕಾಕಾ ಕೋಲು ಹಿಡಕೊಂಡು ಬೀದಿ ನಡುವೆ ಕಾವಲು. ಹುಸೇನಮ್ಮತ್ತಿ ಬಂದು ಚೌಕಟ್ಟಿಗೆ ಬೆರಳಿಲೆ ಬಡದು ಒಳಗ ಹೋದ ಮ್ಯಾಲ ಊರು ಮತ್ತ ಬಾಯಿ ಬಿಡ್ತಿತ್ತು.

ಉಗಾದಿ ಕಳದು ಒಂದು ಸಂಜಿ ಹಂಗ ಎಲ್ಲಾರೂ ನಿಂತಿದ್ವಿ. ಇದ್ದಕ್ಕಿದ್ದಂಗ ಹೊಳಿ ದಂಡಿಯ ಕುರಿಗಳೆಲ್ಲಾ ತಲಿ ಎತ್ತೋಹಂಗ ದೊಡ್ಡ ಸಪ್ಪಳ ಎದ್ದಿತು. ಕಾಕಾ ಕೋಲು ಎತ್ತಿ, "ಯಾವನಲೇ ಅವ, ಸುಮ್ಮನಿರು," ಅಂತ ಬೀದಿಗೆ ಗದರಿಸಿದ.

ಬೀದಿ ಸುಮ್ಮನ ಇತ್ತು. ಆ ಎಳೇ ಗಂಟಲ ಸಪ್ಪಳ ಬಂದದ್ದು ಹೊನ್ನೂರಪ್ಪನ ಮನಿಯೊಳಗಿಂದ, ಮತ್ತ ಅದು ಯಾರ ಮಾತೂ ಕೇಳೋಹಂಗಿದ್ದಿಲ್ಲ.