ಟೊಪ್ಪಿಗೆಯೊಳಗಿನ ಮೂರು ಪದರ

ಬಟ್ಟೆಯ ಅಳತೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಅದರಲ್ಲೇನು ಮಹಾ! ಮೂವತ್ತು ವರ್ಷ ಕಂಡವರ ಭುಜ, ಹೊಟ್ಟೆ ಅಳೆದ ಟೈಲರಿಗೆ ಕೊನೆಗೆ ತನ್ನ ಮುಖದ ಅಳತೆಯೇ ಕೈಕೊಟ್ಟಿತು. ಅವನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಂಟು. ಮೂವತ್ತೈದು ದಿನ ಕಿರಣ ಕೊಡಬೇಕು, ಒಂದು ದಿನ ತಪ್ಪಿದರೂ ಗಂಟಿಗೆ ಚಿಗುರಲು ದಾರಿಯಾಗುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅಂಗಡಿಯಲ್ಲಿ ಕಾಜಾ ಹಾಕುವ ಅವನ ಹೆಂಡತಿ ಮಿಕ್ಕಿದ್ದೆಲ್ಲ ಮರೆತರೂ ಆ ಒಂದು ಮಾತನ್ನು ಮರೆಯಲಿಲ್ಲ.

ಶುರುವಿನಲ್ಲಿ, ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಅವನ ಮುಖಕ್ಕೆ ಒತ್ತಿ ಮುಖವಾಡ ಮಾಡಿದ್ದರು. ತಲೆಗೆ ದಿನಾ ಮನೆಯಿಂದ ಒಯ್ಯುವ ತೆಳುವಾದ ಹತ್ತಿ ಟೊಪ್ಪಿಗೆ, ಮುಖಕ್ಕೆ ಆ ಮುಖವಾಡ. ಅದನ್ನು ಮಂಚಕ್ಕೆ ಸಿಕ್ಕಿಸಿದರೆ ತಲೆ ಕೂದಲೆಳೆಯಷ್ಟೂ ಅಲುಗುವಂತಿಲ್ಲ.

"ಏನ್ ಫಿಟಿಂಗ್ ಕಣೇ! ನಾನೂ ಹೀಗೆ ಹೊಲಿಯೋಕಾಗಲ್ಲ" ಎಂದಿದ್ದ ಪುಣ್ಯಾತ್ಮ.

ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣಾಯಿತು. ನೀರು ನುಂಗಿದರೂ ಕಣ್ಣಲ್ಲಿ ನೀರು. ಎಪ್ಪತ್ತು ಕೇಜಿಯ ಆಳು ಅರವತ್ತೆರಡಕ್ಕಿಳಿದ, ಕೆನ್ನೆ ಗುಳಿಬಿತ್ತು.

"ಮುಖವಾಡ ಸಡಿಲ ಆಗ್ತಿದೆ ಅಣ್ಣ. ಇನ್ನೂ ಆದ್ರೆ ಹೊಸದು ಮಾಡ್ಬೇಕು. ಮತ್ತೆ ಸ್ಕ್ಯಾನು, ಮತ್ತೆ ಲೆಕ್ಕ" ಎಂದಳು ಕಿರಣ ಕೊಡುವ ಟೆಕ್ನಿಷಿಯನ್.

ಅಂದರೆ ಅಷ್ಟು ದಿನ ಕಿರಣ ಬಂದ್ ಎಂದು ಗಂಡಹೆಂಡತಿ ತಾವೇ ತೀರ್ಮಾನಿಸಿಕೊಂಡರು. ಹೌದೋ ಅಲ್ಲವೋ ಎಂದು ಒಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ.

"ಗಿರಾಕಿ ಸೊರಗಿದ್ರೆ ನಾವೇನ್ ಮಾಡ್ತೀವಿ? ಕೋಟಿಗೆ ಪ್ಯಾಡ್ ಇಡ್ತೀವಿ, ಅಷ್ಟೇ ತಾನೆ?" ಮನೆಗೆ ಬಂದು ಅವನು ಪಿಸುಗುಟ್ಟಿದ. ದನಿ ಆಗಲೇ ಹೋಗಿತ್ತು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಒಂದು ದಿನ ತಪ್ಪಿದ್ರೆ ಹೆಚ್ಚುಕಮ್ಮಿ ಆಗಲ್ವಾ?"

ಅವಳು ಟೊಪ್ಪಿಗೆ ಕೈಗೆತ್ತಿಕೊಂಡಳು. ಕಾಲರಿಗೆ ಹಾಕುವ ಕ್ಯಾನ್ವಾಸ್ ಕತ್ತರಿಸಿ ಟೊಪ್ಪಿಗೆಯ ಹಿಂಭಾಗಕ್ಕೆ ಒಳಗಿನಿಂದ ಹೊಲಿದಳು. ಮಂಗಳವಾರ ಒಂದು ಪದರ, ಗುರುವಾರ ಇನ್ನೊಂದು, ಶುಕ್ರವಾರ ಮೂರನೆಯದು. ಹಿಂದಲೆ ಎತ್ತರವಾಗಿ ಮುಖ ಹೋಗಿ ಜಾಲರಿಗೆ ಒತ್ತಿತು. "ಇವತ್ತು ಚೆನ್ನಾಗಿ ಕೂತಿದೆಯಲ್ಲ!" ಎಂದಳಂತೆ ಟೆಕ್ನಿಷಿಯನ್. ಅದನ್ನು ಕೇಳಿ ಹೆಂಡತಿಗೆ ಹೋದ ಜೀವ ಬಂದಂತಾಯಿತು.

ಪ್ರತಿ ಸೋಮವಾರ ಕಿರಣಕ್ಕೆ ಮುಂಚೆ ಕತ್ತಿನ ಒಳಗಿನ ಫೋಟೊ ತೆಗೆಯುತ್ತಿದ್ದರು. ಆ ಸೋಮವಾರ ಫೋಟೊ ತೆಗೆದವರು ಕಿರಣ ಕೊಡದೆ ಅವನನ್ನು ಎಬ್ಬಿಸಿ ಕೂರಿಸಿದರು. ಡಾಕ್ಟರು ಟೊಪ್ಪಿಗೆಯನ್ನು ಹಿಚುಕಿ ನೋಡಿ ಹೆಂಡತಿಯನ್ನು ಒಳಗೆ ಕರೆಸಿದರು.

"ಇದನ್ನ ಹೊಲಿದವರು ಯಾರು?"

ಗಂಡ ತನ್ನ ಎದೆ ಮುಟ್ಟಿ ತೋರಿಸಿದ. "ಇಲ್ಲ ಸಾರ್, ನಾನೇ" ಎಂದಳು ಅವಳು.

ಡಾಕ್ಟರು ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇಲ್ಲಿ ಎಲ್ಲರ ತೂಕವೂ ಇಳಿಯುತ್ತಮ್ಮ. ಗಂಟು ಕರಗುತ್ತೆ, ಕಿವಿ ಕೆಳಗಿನ ಜೊಲ್ಲಿನ ಗ್ರಂಥಿ ಕುಗ್ಗಿ ಒಳಕ್ಕೆ ಸರಿಯುತ್ತೆ. ಹೊಸ ಮುಖವಾಡ ನಮಗೆ ದಿನದ ಕೆಲಸ. ಹೊಸ ಲೆಕ್ಕ ಬರೋವರೆಗೂ ಹಳೇದ್ರಲ್ಲೇ ಕಿರಣ ಕೊಡ್ತಿದ್ವಿ. ಒಂದು ದಿನಾನೂ ತಪ್ತಿರಲಿಲ್ಲ."

ಅವಳು ಕೇಳಿದಳು, "ಈಗ?"

"ತಲೆ ಮುಂದಕ್ಕೆ ಬಾಗಿ ಬೆನ್ನುಹುರಿ ಕಿರಣದ ದಾರಿಗೆ ಬಂದಿದೆ. ಅದಕ್ಕೆ ಎಷ್ಟು ಬಿದ್ದಿದೆ ಅಂತ ಗೊತ್ತಾಗೋವರೆಗೆ ನಿಲ್ಲಿಸಲೇಬೇಕು. ನಾಲ್ಕು ದಿನ."

"ಗಂಟಿಗೆ ಬಿದ್ದಿದೆ ತಾನೆ ಸಾರ್?"

"ಪೂರ್ತಿ ಬಿದ್ದಿಲ್ಲ."

"ಏನೂ ಆಗಲ್ಲ ಅಲ್ವಾ?"

"ಈಗ ಹೇಳೋಕಾಗಲ್ಲ. ಎಲ್ಲಾ ಮುಗಿದು ಮೂರು ತಿಂಗಳಾದ್ಮೇಲೆ ನೋಡ್ಬೇಕು."

ಅವತ್ತೇ ಹೊಸ ಮುಖವಾಡ ಮಾಡಿದರು. "ಈ ನಾಲ್ಕು ದಿನ ತೂಕ ಇಳೀದ ಹಾಗೆ ನೋಡ್ಕೊಳ್ಳಿ ಅಕ್ಕ, ಇಲ್ದಿದ್ರೆ ಇದೂ ಸಡಿಲ ಆಗುತ್ತೆ" ಎಂದಳು ಟೆಕ್ನಿಷಿಯನ್. ಮೂಗಿಗೆ ನಳಿಕೆ ಹಾಕಿ ಊಟ ಕೊಡೋಣವೆಂದು ಡಾಕ್ಟರು ಹೇಳಿದರೆ ಅವನು ಕೈಮುಗಿದು ಬೇಡವೆಂದ.

ಮನೆಗೆ ಬಂದವಳೇ ಹಾಲಿಗೆ ಪ್ರೋಟೀನ್ ಪುಡಿ ಕಲಸಿಕೊಂಡು ಅವನೆದುರು ಕೂತಳು. ಒಂದು ಚಮಚ ಇಳಿಯಿತು. ಎರಡನೆಯದಕ್ಕೆ ಅವನು ಗೋಡೆ ಹಿಡಿದುಕೊಂಡ. ಮೂರನೆಯದಕ್ಕೆ ತುಟಿ ಬಿಗಿದು ತಲೆಯಾಡಿಸಿದ.

"ನುಂಗ್ರೀ!" ಎಂದು ಕಿರುಚಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಅವನ ಮೇಲೆ ಹಾಗೆ ದನಿಯೆತ್ತಿದ್ದಿಲ್ಲ. "ಇನ್ನೊಂದು ಸಲ ಸಡಿಲ ಆದ್ರೆ ನಾನೇನ್ ಮಾಡ್ಲಿ, ಹೇಳಿ! ನುಂಗಿ!"

ಅವನು ಹೆದರಿ ಬಾಯಿ ತೆರೆದ, ನುಂಗಿದ. ಹಾಲು ಅಷ್ಟೂ ಮೂಗಿನಿಂದ ವಾಪಸು ಬಂದು ಅಂಗಿಯ ಮೇಲೆ ಸುರಿಯಿತು. ಅವಳು ಅದನ್ನು ಒರೆಸಿದಳು. ಒರೆಸುವಾಗ ಅವನ ಕೆನ್ನೆ ಬೆಳಗ್ಗೆಗಿಂತ ಇನ್ನಷ್ಟು ಒಳಗೆ ಹೋದಂತೆ ಅನ್ನಿಸಿತು. ಭ್ರಮೆಯಿರಬೇಕು ಅಂದುಕೊಂಡು ಇನ್ನೊಂದು ಕೆನ್ನೆ ಮುಟ್ಟಿದಳು. ಆಮೇಲೆ ಮತ್ತೊಂದು ಚಮಚ ತುಂಬಿಸಿದಳು.