ನೋಡುವವರು ಇಬ್ಬರು

"ನೋಡೋರು ಎಷ್ಟ್ ಮಂದಿ ಅದೀರಿ ಸರ?" ಎಂದು ಸೋಮಲಿಂಗಪ್ಪ ಕೇಳಿದಾಗ ಕಾಂತರಾಜು ಸ್ಕೋಪಿನಿಂದ ಕಣ್ಣು ತೆಗೆಯದೆಯೇ, "ಇಬ್ಬರು" ಎಂದುಬಿಟ್ಟ.

ಪಕ್ಕದಲ್ಲಿ ನಿಂತಿದ್ದ ಜಯದೇವಿಗೆ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತು. ಮದುವೆಯಾದಂದಿನಿಂದ ಅವಳು ಕಾಗೆ, ಗುಬ್ಬಿ, ಪಾರಿವಾಳ ಬಿಟ್ಟು ಬೇರೆ ಹಕ್ಕಿಯನ್ನು ಗಮನಿಸಿದವಳಲ್ಲ. ಅದು ಗಂಡನಿಗೂ ಗೊತ್ತು. ಹಾಗಾದರೆ ಇನ್ನೊಬ್ಬರು ಯಾರು?

ಸೋಮಲಿಂಗಪ್ಪ ಗದಗದ ಕಡೆಯವನು. ರಾಜಾಜಿನಗರದಲ್ಲಿ ಬಾಡಿಗೆ ಮನೆಯ ಗ್ಯಾರೇಜನ್ನೇ ಅಂಗಡಿ ಮಾಡಿಕೊಂಡು ಬೈನಾಕ್ಯುಲರು, ಟೆಲಿಸ್ಕೋಪು ಮಾರುತ್ತಿದ್ದ. ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಎರಡು ಸ್ಪಾಟಿಂಗ್ ಸ್ಕೋಪುಗಳನ್ನು ಮುಕ್ಕಾಲಿಗೆ ಬಿಗಿದು, ದೂರದ ಮೊಬೈಲ್ ಟವರಿನ ತುದಿಯಲ್ಲಿ ಕೂತಿದ್ದ ಹದ್ದಿನತ್ತ ತಿರುಗಿಸಿದ್ದ. ಒಂದರ ಕಣ್ಣಿಡುವ ಕೊಳವೆ ನೆಟ್ಟಗಿತ್ತು, ಇನ್ನೊಂದರದು ಮೇಲಕ್ಕೆ ಬಾಗಿತ್ತು.

"ಹಕ್ಕಿ ಅಷ್ಟ ನೋಡೋದಿದ್ರ ನೆಟ್ಟಗಿಂದು ಸಾಕ್ರಿ. ಚುಕ್ಕಿನೂ ನೋಡ್ತೀನಿ ಅಂದ್ರ ಈ ಬಾಗಿದ್ದು ಬೇಕು. ಇಲ್ಲಾಂದ್ರ ಕುತ್ತಿಗಿ ಉಳುಕತೈತಿ. ಚಂದ್ರನ ಕುಳಿ ಚಲೋ ಕಾಣ್ತಾವ. ಶನಿ ಉಂಗುರ ಮಾತ್ರ ಫೋಟೋದಾಗಿನಂಗ ಕಾಣಂಗಿಲ್ಲ, ಮೊದ್ಲ ಹೇಳಿಬಿಡ್ತೀನಿ."

ಕಾಂತರಾಜು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ಮುಕ್ಕಾಲಿಯನ್ನು ತಗ್ಗಿಸಿದ. ಸಾಲದೆಂದು ಇನ್ನಷ್ಟು ತಗ್ಗಿಸಿದ. ಆಮೇಲೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದಲೇ ಫೋಕಸ್ ತಿರುಗಿಸತೊಡಗಿದ. ಗುಂಡಿ ಕೈಗೆ ಸರಿಯಾಗಿ ಸಿಗಲಿಲ್ಲ.

"ಕೊಳವೆ ಸುತ್ತ ಬಳೆ ಥರ ಇರುತ್ತಲ್ಲ, ಅಂಥ ಫೋಕಸ್ ಇರೋದು ಕೊಡಿ. ಎಡಗೈಲಿ ಸಲೀಸಾಗಿ ತಿರುಗಬೇಕು."

"ನೀವ್ ಎಡಚರೇನ್ರಿ?"

"ನಾನಲ್ಲ," ಎಂದ ಕಾಂತರಾಜು. ಹೇಳಿದ ಮೇಲೆ ಹೆಂಡತಿಯ ಕಡೆ ನೋಡಲಿಲ್ಲ.

ಜಯದೇವಿಗೆ ಥಟ್ಟನೆ ನೆನಪಾದವಳು ಉಮಾಶ್ರೀ. ಪೀಣ್ಯದಲ್ಲಿ ಕಾಂತರಾಜುವಿನ ಆಫೀಸಿನಲ್ಲೇ ಅಕೌಂಟ್ಸ್ ನೋಡಿಕೊಳ್ಳುವವಳು. ಇವರ ಗೃಹಪ್ರವೇಶಕ್ಕೆ ಬಂದು, ಅರಿಶಿನ ಕುಂಕುಮಕ್ಕೆ ಎಡಗೈ ಚಾಚಿ, ನಾಲಿಗೆ ಕಚ್ಚಿಕೊಂಡು ನಕ್ಕಿದ್ದವಳು. ಆ ನಗೆ ಎಷ್ಟು ಚೆನ್ನಾಗಿತ್ತೆಂದು ಅಂದು ತಾನೇ ಗಂಡನಿಗೆ ಹೇಳಿದ್ದೂ ನೆನಪಾಯಿತು.

ಉಗಾದಿ ಕಳೆದಾಗಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವನು ಕೆಂಗೇರಿ ಕೆರೆಗೆ ಹಕ್ಕಿ ನೋಡಲು ಹೋಗುತ್ತಿದ್ದ. ಬಂದವನ ಚಪ್ಪಲಿಗೆ ಒಂದು ಚೂರು ಕೆಸರು ಇರುತ್ತಿರಲಿಲ್ಲ. ತಿಂಡಿಗೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ. ಯಾರೋ ಬಡಿಸಿ ಕಳಿಸುತ್ತಿದ್ದಾರೆ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಅದಕ್ಕೇ ಈ ದಿನ ಹಟ ಹಿಡಿದು ಅಂಗಡಿಗೆ ಜೊತೆಯಲ್ಲಿ ಬಂದಿದ್ದಳು.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಸ್ಕೋಪಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಇನ್ನೊಬ್ರು ಯಾರು?"

"ಕೆರೆ ಹತ್ರ ಬರ್ತಾರೆ. ಫ್ರೆಂಡು."

"ಹೆಸರಿಲ್ವಾ ಫ್ರೆಂಡ್‌ಗೆ?"

ನವರಂಗ್ ಸಿಗ್ನಲ್ಲಿನ ಗದ್ದಲದಲ್ಲಿ ಕೇಳಿಸಲಿಲ್ಲವೆಂಬಂತೆ ಅವನು ಹಾರ್ನ್ ಒತ್ತಿದ.

ಭಾನುವಾರ ಅವನು ಏಳುವ ಹೊತ್ತಿಗೆ ಜಯದೇವಿ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ."

ಕಾಂತರಾಜು ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದುಕೊಂಡ. ಬೇಡ ಎಂದಿದ್ದರೆ ಅವಳ ಅನುಮಾನಕ್ಕೆ ಅಷ್ಟೇ ಸಾಕಿತ್ತು. "ಬಾ," ಎಂದ.

ಬಸವೇಶ್ವರನಗರ ದಾಟಿ ಮಾಗಡಿ ರೋಡಿಗೆ ಬಂದರು. ಕೆಂಗೇರಿಗಾದರೆ ಸುಮನಹಳ್ಳಿಯಲ್ಲಿ ಎಡಕ್ಕೆ ತಿರುಗಬೇಕು. ಅವನು ತಿರುಗಲಿಲ್ಲ. ಜಯದೇವಿ ಹಿಂದೆ ತಿರುಗಿ ನೋಡಿದಳು. ಉಮಾಶ್ರೀಯ ಮನೆ ಎಲ್ಲಿ ಎಂದು ತಾನು ಯಾವತ್ತೂ ಕೇಳಿರಲಿಲ್ಲವಲ್ಲ ಎಂದುಕೊಂಡಳು. ಎದುರಾದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಸುಂಕದಕಟ್ಟೆಯೂ ದಾಟಿತು. ಸ್ಕೂಟರು ಬ್ಯಾಡರಹಳ್ಳಿಯ ಕಡೆ ಹೊರಟಾಗ ಮಾತ್ರ ಜೋಡಿಸಿಕೊಂಡ ಮಾತೆಲ್ಲ ಚೆದುರಿತು. ಆ ದಾರಿ ಅವಳಿಗೆ ಗೊತ್ತಿತ್ತು.

ಆ ಊರಲ್ಲಿ ಇದ್ದದ್ದು ಕಾಂತರಾಜುವಿನ ಅಣ್ಣ ಚಿಕ್ಕಣ್ಣನ ಮನೆ. ಅತ್ತೆ ತೀರಿಕೊಂಡು ಹನ್ನೊಂದನೆಯ ದಿನ ಅವರ ಕಾಸಿನ ಸರ ಕಾಣದಾದಾಗ, ಚಿಕ್ಕಣ್ಣ ಬಂಧುಬಳಗದೆದುರು ಜಯದೇವಿಗೆ ಹೇಳಿದ್ದ: "ಕೊನೇಲಿ ಅಮ್ಮನ ಹತ್ರ ಇದ್ದೋಳು ನೀನೇ ಅಲ್ವಾ? ಬ್ಯಾಗ್ ತೆಗಿ." ಅವಳು ಬ್ಯಾಗನ್ನು ಚಾಪೆಯ ಮೇಲೆ ಮಗುಚಿದ್ದಳು. ಬಾಚಣಿಗೆ, ಬಸ್ ಟಿಕೆಟ್ಟುಗಳು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಸರ ಅಂದೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಅಲ್ಲಿ ತುಟಿ ಬಿಚ್ಚದೆ ನಿಂತಿದ್ದ ಕಾಂತರಾಜು ಬಸ್ಸಿನಲ್ಲಿ ಕೂತ ಮೇಲೆ, "ಇನ್ನು ಆ ಮನೆ ಹೊಸಿಲು ತುಳಿಯಲ್ಲ ಕಣೇ" ಎಂದಿದ್ದ. ಇಷ್ಟು ವರ್ಷ ಅವಳು ಆ ಮಾತನ್ನು ನಂಬಿಕೊಂಡೇ ಬದುಕಿದ್ದಳು.

ಗೇಟಿನ ಮುಂದೆ ಸ್ಕೂಟರು ನಿಂತಿತು. ಜಯದೇವಿ ಇಳಿಯಲಿಲ್ಲ.

"ಯಾವಾಗಿಂದ ಬರ್ತಿದೀರ?"

"ಉಗಾದಿ ಆಗ್ತಿದ್ದಂಗೆ ಅಣ್ಣಂಗೆ ಸ್ಟ್ರೋಕ್ ಆಯ್ತು. ಬಲಗಡೆ ಪೂರ್ತಿ ಹೋಗಿದೆ, ಮಾತೂ ಇಲ್ಲ. ಒಂದಿನ ಟೆರೇಸಲ್ಲಿ ಕೂರಿಸಿದ್ದೆ. ಕೆರೆ ಕಡೆ ಕೈ ತೋರಿಸಿದ. ಬೆಳ್ಳಕ್ಕಿ. ಕಾಯಿಲೆ ಬಿದ್ಮೇಲೆ ಅವನು ಏನನ್ನಾದ್ರೂ ತೋರಿಸಿದ್ದು ಅದೇ ಫಸ್ಟು." ಸ್ಕೂಟರಿನ ಕೀಲಿ ತೆಗೆದು ಹೇಳಿದ: "ರಾತ್ರಿ ನಿದ್ದೇನೂ ಬರಲ್ವಂತೆ. ನಕ್ಷತ್ರನಾದ್ರೂ ನೋಡ್ಲಿ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಬೇಡ ಅಂದಿದ್ರೆ ಬರೋಕಾಗ್ತಿರ್ಲಿಲ್ಲ."

ಬಾಗಿಲಿಗೆ ಬಂದ ಚಿಕ್ಕಣ್ಣನ ಹೆಂಡತಿ ಬೋರಮ್ಮ ಅವಳನ್ನು ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಬಾ ಜಯಾ" ಎನ್ನಲು ಅವಳು ಎರಡು ಸಲ ಪ್ರಯತ್ನಿಸಬೇಕಾಯಿತು. ಜಯದೇವಿ ಅವಳನ್ನು ದಾಟಿ, ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದಳು. ಇಲ್ಲಿಯವರೆಗೆ ಬಂದು ಬೀದಿಯಲ್ಲಿ ನಿಲ್ಲಲು ಅವಳಿಗೆ ಇಷ್ಟವಿರಲಿಲ್ಲ. ಕಣ್ಣಾರೆ ನೋಡದೆ ಗಂಡನ ಮಾತನ್ನು ನಂಬಲೂ ಈಗ ಆಗುತ್ತಿರಲಿಲ್ಲ.

ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಕೆರೆಯ ಕಡೆ ಮುಖ ಮಾಡಿ ಚಿಕ್ಕಣ್ಣ ಕೂತಿದ್ದ. ಹಿಂದೆ ಹೊಲದಲ್ಲಿ ಅವನು ಒಂದು ಕೂಗು ಹಾಕಿದರೆ ಆಳುಗಳು ತಲೆಯೆತ್ತುತ್ತಿದ್ದರು. ಈಗ ಬಲಗೈ ಮಡಿಲಲ್ಲಿ ಬಿದ್ದಿತ್ತು. ಹಿಂಬಾಲಿಸಿ ಬಂದ ಕಾಂತರಾಜು ಡಬ್ಬ ಬಿಚ್ಚಿ ಮುಕ್ಕಾಲಿಯ ಕಾಲುಗಳನ್ನು ಎಳೆಯತೊಡಗಿದ.

ಹೆಜ್ಜೆಯ ಸದ್ದಿಗೆ ಚಿಕ್ಕಣ್ಣ ಪ್ರಯಾಸಪಟ್ಟು ಕತ್ತು ಹೊರಳಿಸಿದ. ಜಯದೇವಿಯನ್ನು ಕಂಡು ಬಾಯಿ ತೆರೆದ. "ಜ..." ಎಂದಿತು ಗಂಟಲು. ಮತ್ತೆ "ಜ..." ಎಂದಿತು. ಮುಂದಿನದು ಬರಲೇ ಇಲ್ಲ. ಅವಳು ಸಹಾಯಕ್ಕೆ ಹೋಗಲಿಲ್ಲ. ಆ ಬಾಯಿಯಿಂದ ಮುಂದೆ ಬರಬೇಕಾದದ್ದು ಬರೀ ತನ್ನ ಹೆಸರೋ, ಮತ್ತೇನೋ ಎಂದು ಕಾದಳು.

ಪೂರ್ವದ ಬಿಸಿಲು ಟ್ಯಾಂಕಿನ ಮರೆಯಿಂದ ಈಚೆ ಬಂದು ನೇರವಾಗಿ ಅವನ ಕಣ್ಣಿಗೆ ಬಿತ್ತು. ಕಣ್ಣು ಕಿರಿದಾದವು, ನೀರಾಡಿದವು. ಆದರೂ ಅವನು ಮುಖ ತಿರುಗಿಸಲಿಲ್ಲ.

ಜಯದೇವಿ ಎರಡು ಹೆಜ್ಜೆ ಬಲಕ್ಕೆ ಸರಿದು ನಿಂತಳು. ಅವಳ ನೆರಳು ಅವನ ಮುಖದ ಮೇಲೆ ಬಿತ್ತು. ಕೆಳಗೆ ಬೋರಮ್ಮ ತಟ್ಟೆಗಳನ್ನು ಜೋಡಿಸುವ ಸದ್ದು ಕೇಳಿಸಿತು. ಜಯದೇವಿ ಅಲ್ಲೇ ನಿಂತಿದ್ದಳು.