ಒಂಬತ್ತನೆಯ ಚೌಕದ ಕೆಂಪು

ನೀರು ಕೆಂಪಾಗುತ್ತಿತ್ತು. ಬೇಸಿನ್ನಿನ ಮೂಲೆಯಲ್ಲಿ ಹೊಗೆಯೆಳೆಯಂತೆ ಎದ್ದ ಬಣ್ಣ, ನೋಡನೋಡುತ್ತಿದ್ದಂತೆ ಬಿಳಿ ಬಟ್ಟೆಗಳ ಮೇಲೆ ಹರಡತೊಡಗಿತು. ತಟ್ಟನೆ ಕೈ ಅದ್ದಿದ ಸೊಸೆ ಹಾಗೇ ನಿಂತಳು. ಎತ್ತಬಾರದು. ಹೊಲಿಗೆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಹಳೆಯ ಬಟ್ಟೆ ಸರಿಪಡಿಸಿದ ಕೈಗೆ ಅಷ್ಟು ಗೊತ್ತಿತ್ತು. ಒದ್ದೆಯಿರುವ ತನಕ ಬಣ್ಣ ಬಂದ ದಾರಿಯಲ್ಲೇ ಹೋದೀತು, ಒಣಗಿತೋ, ಕೂತೇಬಿಡುತ್ತದೆ.

ಕೌದಿಗೆಂದು ಹೊಲಿದಿಟ್ಟ ಒಂಬತ್ತು ಚೌಕಗಳು. ನಲವತ್ತು ವರ್ಷಗಳ ಹಿಂದೆ ಅತ್ತೆಯೂ ಅವರ ಅಕ್ಕನೂ ಎದುರುಬದುರು ಕೂತು ಬಿಳಿಯ ಮೇಲೆ ಕೆಂಪು ತುಂಡುಗಳನ್ನು ಹೊಲಿಯುತ್ತಿದ್ದರಂತೆ. ಎಲ್ಲವನ್ನೂ ಕೂಡಿಸುವ ಮೊದಲೇ ಅಕ್ಕ ತೀರಿಕೊಂಡರು. ಟ್ರಂಕಿನಲ್ಲಿ ಹಳದಿಗಟ್ಟುತ್ತಿದ್ದ ಚೌಕಗಳನ್ನು ಅತ್ತೆ ಯಾರಿಗೂ ಮುಟ್ಟಗೊಟ್ಟವರಲ್ಲ. ಈಗ ಕಣ್ಣು ಮಂಜಾದ ಮೇಲೆ, ನಿನ್ನೆ, ತಾವಾಗಿ ತಂದು ಸೊಸೆಯ ಮಡಿಲಿಗೆ ಹಾಕಿದ್ದರು.

"ತೊಳೆದು ಕೂಡಿಸಿಕೊಡು. ಅಕ್ಕ ಮುಟ್ಟಿದ್ದು ಅಂತ ನನ್ನ ಹತ್ರ ಉಳಿದಿರೋದು ಇಷ್ಟೇ ಕಣೇ."

ನೆನೆಸುವ ಮೊದಲು, ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಮಾಡಿದ ಬಿಳಿ ಚಿಂದಿಯನ್ನು ಪ್ರತಿ ಕೆಂಪಿನ ಮೇಲೂ ಒತ್ತಿ ನೋಡಬೇಕಿತ್ತು. ಎಂಟರ ಮೇಲೆ ಒತ್ತಿದ್ದಳು. ಚಿಂದಿ ಬೆಳ್ಳಗೇ ಇತ್ತು. ಒಂಬತ್ತನೆಯದೂ ಅದೇ ಕೆಂಪು, ಇನ್ನೇನು ನೋಡುವುದು ಎಂದು ಬಿಟ್ಟಿದ್ದಳು.

ಆ ಒಂದನ್ನು ಬೇರೆ ಬಕೆಟ್ಟಿಗೆ ಹಾಕಿ, ಬೇಸಿನ್ನಿನ ನೀರು ಚೆಲ್ಲಿ, ಮತ್ತೆ ತುಂಬಿದಳು. ಹತ್ತು ಗಂಟೆಗೆ ನಲ್ಲಿ ನಿಲ್ಲುತ್ತದೆ. ಹತ್ತಕ್ಕೆ ಎಂಟು ನಿಮಿಷವಿತ್ತು. ಹಿಂಡದೆ, ಉಜ್ಜದೆ, ಕೂಸನ್ನು ಮೀಯಿಸುವಂತೆ ಅಲ್ಲಾಡಿಸಿದಳು. ನೀರು ಗುಲಾಬಿಯಾಯಿತು. ಚೆಲ್ಲಿದಳು. ತುಂಬಿದಳು.

ಹೊರಗಿನಿಂದ ಅತ್ತೆಯ ದನಿ ಬಂತು. "ಏನೇ, ಬಟ್ಟೆ ತೊಳೀತಿದ್ದೀಯೋ, ಹೊಳೆ ತಿರುಗಿಸ್ತಿದ್ದೀಯೋ?"

"ಇನ್ನೊಂದು ಸಲ, ಅತ್ತೆ."

ಅವರಿಗೆ ಹೇಗೂ ಕಾಣುವುದಿಲ್ಲ ಎಂಬ ಯೋಚನೆ ಒಮ್ಮೆ ಸುಳಿಯಿತು. ಸುಳಿದದ್ದಕ್ಕೇ ಅವಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ನಲ್ಲಿ ಕೆಮ್ಮಿ, ದಾರದಷ್ಟು ಸಣ್ಣಗಾಗಿ, ನಿಂತುಹೋಯಿತು.

"ಅತ್ತೆ," ಎಂದಳು. "ಒಂದು ತುಂಡು ಬಣ್ಣ ಬಿಟ್ಟಿದೆ. ಅಕ್ಕನವರ ಚೌಕಕ್ಕೆಲ್ಲ ಹತ್ತಿದೆ. ನಾನು ಸರಿಯಾಗಿ ನೋಡ್ಲಿಲ್ಲ."

ಹೊರಗೆ ಕುರ್ಚಿ ಸರಿದ ಸದ್ದು. ಅತ್ತೆ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತರು.

"ಯಾವುದು?"

ಬಕೆಟ್ಟಿನಿಂದ ಎತ್ತಿ ಅವರ ಕೈಗೆ ಕೊಟ್ಟಳು. ಅತ್ತೆಯ ಹೆಬ್ಬೆರಳು ಹೊಲಿಗೆಯ ಉದ್ದಕ್ಕೂ ಹೋಯಿತು, ತಿರುಗಿ ಬಂತು.

"ಇದರಲ್ಲಿ ಅಕ್ಕನ ಹೊಲಿಗೆ ಇಲ್ಲ. ಅವಳು ಹೋದ್ಮೇಲೆ ನಾನೊಬ್ಬಳೇ ಹೊಲಿದದ್ದು. ಬಟ್ಟೆ ಮುಗಿದಿತ್ತು. ಅಂಗಡಿಯವನು ಅದೇ ಕೆಂಪು ಅಂದ, ನಂಗೂ ಹಾಗೇ ಕಾಣಿಸ್ತು. ಆಗ ನನ್ನ ಕಣ್ಣು ಚೆನ್ನಾಗೇ ಇತ್ತು, ನೋಡು."

"ನೀರು ನಿಂತೋಯ್ತು ಅತ್ತೆ."

"ಕುಡಿಯೋ ನೀರು ಇದೆಯಲ್ಲ, ತಾ."

"ಮಧ್ಯಾಹ್ನಕ್ಕೆ?"

"ಪಕ್ಕದ ಮನೆಯವಳು ದಿನಾ ಬಂದು ನನ್ನ ಕಿವಿ ತಿಂತಾಳೆ. ಒಂದು ಚೊಂಬು ನೀರು ಕೊಡಲ್ವಾ?"

ಸೊಸೆ ಕೊಡಗಳನ್ನು ತಂದಳು. ಅತ್ತೆ ನೆಲಕ್ಕೆ ಕೂತು ಚೊಂಬಿನಿಂದ ಸುರಿದರು. ಅವರ ತುಟಿಗಳು ಪ್ರಾರ್ಥನೆಯಲ್ಲಿ ಅಲ್ಲಾಡುತ್ತಿದ್ದವು. ಸೊಸೆ ಚೌಕಗಳನ್ನು ಅಲ್ಲಾಡಿಸಿದಳು, ನೀರು ಚೆಲ್ಲಿದಳು. ಒಂಬತ್ತನೆಯದನ್ನೂ ಬೇರೆಯಾಗಿ, ಒತ್ತಿದ ಚಿಂದಿ ಬೆಳ್ಳಗೇ ಉಳಿಯುವ ತನಕ ಜಾಲಿಸಿದಳು. ಕೊನೆಯ ಕೊಡದ ನೀರು ಬೇಸಿನ್ನಿನ ತಳ ಕಾಣುವಷ್ಟು ತಿಳಿಯಾಗಿಯೇ ಉಳಿಯಿತು.

"ಈಗ ಹೇಳು. ನನ್ನ ಸಮಾಧಾನಕ್ಕೆ ಅಂತ ಏನೂ ಸೇರಿಸಬೇಡ."

"ಆರು ಬಿಳಿಯಾಗಿವೆ. ಎರಡರ ಅಂಚಲ್ಲಿ ಗುಲಾಬಿ ಉಳಿದಿದೆ. ಅದು ಹೋಗಲ್ಲ."

ಅತ್ತೆ ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು.

"ಅವೆರಡನ್ನ ನನ್ನದರ ಅಕ್ಕಪಕ್ಕ ಹಾಕು. ನಡುವೆ. ಅಂಚಿಗೆ ತಳ್ಳಬೇಡ."

ಕಿಟಕಿಯ ಕೆಳಗೆ ಟವೆಲ್ ಹಾಸಿ, ಸೊಸೆ ಮೂರು ಮೂರರಂತೆ ಚೌಕಗಳನ್ನು ಹರಡಿದಳು. ಅತ್ತೆ ಪಕ್ಕದಲ್ಲೇ ಕೂತರು. ನೊಣ ಕೂರದಿರಲೆಂದು ಆಗಾಗ ಗಾಳಿಯಲ್ಲಿ ಮೆಲ್ಲಗೆ ಕೈಯಾಡಿಸುತ್ತಿದ್ದರು.